ಕಿರ್ದಿಯ ಗಂಡಸರು, ಚೂಡಿಯ ಹೆಂಗಸರು

ಶ್ರಾವಣದ ಎರಡನೆಯ ಶುಕ್ರವಾರ. ಪುಣೆಯ ಕಾತ್ರಜದ ಅಂಚೆ ಕಚೇರಿಯ ಕಿಟಕಿಯಾಚೆ ಕೂತಿದ್ದ ಹುಡುಗ ನನ್ನ ಒಂಬತ್ತು ಲಕೋಟೆಗಳನ್ನು ಒಂದೊಂದಾಗಿ ಎತ್ತಿ, ಮೂಸಿ, ‘ಮಾವ್ಶಿ, ಹ್ಯಾತ್ ಕಾಯ್ ಆಹೆ?’ ಅಂದ. ಗರಿಕೆ, ಶಂಖಪುಷ್ಪ, ರತ್ನಗಂಧಿ ಅಂದೆ. ಹೂವನ್ನು ಯಾರಾದರೂ ಟಪಾಲಿಗೆ ಹಾಕುತ್ತಾರೆಯೇ ಎಂಬಂತೆ ನೋಡಿ ಠಸ್ಸೆ ಒತ್ತಿದ.

ನಮ್ಮ ಕೊಂಕಣಿ ಮನೆಗಳಲ್ಲಿ ಅದಕ್ಕೆ ಚೂಡಿ ಎನ್ನುತ್ತೇವೆ. ಶ್ರಾವಣದ ಶುಕ್ರವಾರ, ಭಾನುವಾರಗಳಂದು ಹೆಂಗಸರು ಗರಿಕೆ, ಪುಟ್ಟ ಹೂವು, ಎಲೆಗಳನ್ನು ಬಾಳೆನಾರಿನಲ್ಲಿ ಬೆರಳುದ್ದ ಕಟ್ಟಿ ತುಳಸಿಗೆ ಪೂಜೆ ಮಾಡಿ, ಹಿರಿಯರಿಗೆ ಕೊಟ್ಟು ಕಾಲಿಗೆರಗುತ್ತೇವೆ. ಹಿರಿಯರು ದೂರದಲ್ಲಿದ್ದರೆ ಟಪಾಲಿನಲ್ಲಿ ಹೋಗುತ್ತದೆ. ಮುಟ್ಟುವ ಹೊತ್ತಿಗೆ ಬಾಡಿರುತ್ತದೆ, ಆದರೂ ಮುಟ್ಟಬೇಕು. ನನ್ನ ಮನೆತನ ಎಲ್ಲಿಂದ ಬಂತು ಎಂದು ಎಂಟು ವರ್ಷ ಹುಡುಕಿದ ಮೇಲೆ, ಜಾಡು ಇದ್ದದ್ದು ಈ ಬಾಡಿದ ಹೂವಿನಲ್ಲಿ ಎಂದು ನನಗೆ ತಿಳಿಯಿತು. ಆದರೆ ಹುಡುಕಾಟ ಶುರುವಾದದ್ದು ಬೇರೆ ಕಡೆಯಿಂದ.

ನನ್ನ ತವರು ಕುಮಟಾ. ಅಜ್ಜ ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಬಂದರು, ನಾನು ಮದುವೆಯಾಗಿ 1981ರಲ್ಲಿ ಪುಣೆಗೆ ಬಂದೆ. ಮನೆಯೊಳಗೆ ಕೊಂಕಣಿ, ಓದು ಬರಹ ಕನ್ನಡ, ಬೀದಿಯಲ್ಲಿ ಮರಾಠಿ. ಕುಮಟೆಯ ಹಳೆ ಮನೆ ಮಾರುವಾಗ ಅಣ್ಣ ಹಿತ್ತಾಳೆ ಸಾಮಾನು ಹಂಚಿದ. ನನ್ನ ಪಾಲಿಗೆ ಒಂದು ಹಂಡೆ, ಅದರೊಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಿರ್ದಿ ಪುಸ್ತಕ ಬಂತು. ಉದ್ದನೆಯ ಹಾಳೆ, ಅಂಚು ಗೆದ್ದಲಿಗೆ ಹೋಗಿತ್ತು. ಅಕ್ಷರ ಒಂದೂ ಬಗೆಹರಿಯಲಿಲ್ಲ. ಲೇಖನಿ ಎತ್ತದೆ ಎಳೆದ, ಬಳ್ಳಿಯಂತೆ ಸುತ್ತಿಕೊಂಡ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಅದು. ಇಪ್ಪತ್ತು ವರ್ಷ ಕಪಾಟಿನಲ್ಲಿ ಹಾಗೇ ಇತ್ತು.

ಅದು ಓದಲಾಗದೆ ಕೂತಿದ್ದ ಊರು ಯಾವುದು ಎಂದು ನೆನೆದರೆ ಈಗ ನಗು ಬರುತ್ತದೆ. ಮೋಡಿ ಓದುವವರು ಪುಣೆಯಲ್ಲಿ ಸಿಕ್ಕಷ್ಟು ಇನ್ನೆಲ್ಲೂ ಸಿಗಲಾರರು. ಪೇಶ್ವೆ ದಫ್ತರದ ರಾಶಿ ರಾಶಿ ಕಾಗದ ಇರುವುದು ಇಲ್ಲಿ. ಇತಿಹಾಸಕಾರ ವಿ. ಕಾ. ರಾಜವಾಡೆ ಮತ್ತು ಗೆಳೆಯರು 1910ರಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇರುವುದು ಸದಾಶಿವ ಪೇಟೆಯಲ್ಲಿ. ನಿವೃತ್ತಿಯಾದ ವರ್ಷ ನಾನೂ ಒಂದು ಮೋಡಿ ತರಗತಿಗೆ ಸೇರಿದೆ. ಮೊದಲು ಹಾಳೆಯುದ್ದಕ್ಕೂ ತಲೆಗೆರೆ ಎಳೆದು, ಆಮೇಲೆ ಅದಕ್ಕೆ ಅಕ್ಷರ ನೇತುಹಾಕುವ ಲಿಪಿ. ಹ್ರಸ್ವ ದೀರ್ಘದ ಗೊಡವೆಯಿಲ್ಲ, ಪದ ಎಲ್ಲಿ ಮುಗಿಯಿತು ಎಂಬ ಸೂಚನೆಯಿಲ್ಲ. ಆರು ತಿಂಗಳಿಗೆ ನನ್ನ ಕಿರ್ದಿಯ ಮೊದಲ ಸಾಲು ಓದಿದೆ: ಶ್ರೀ ಶಾಂತಾದುರ್ಗಾ ಪ್ರಸನ್ನ. ಅದರ ಕೆಳಗೆ, ಶಕೆ 1786, ರಕ್ತಾಕ್ಷಿ ಸಂವತ್ಸರ.

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹಾಗಾಗಿ ಅದು 1864. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅದೊಂದನ್ನೇ ನಂಬಿದರೆ ಅಜ್ಜ ಮೊಮ್ಮಕ್ಕಳು ಅದಲುಬದಲಾಗುತ್ತಾರೆ; ಶಕೆಯೂ ಸಂವತ್ಸರವೂ ತಾಳೆಯಾದರೆ ಮಾತ್ರ ಧೈರ್ಯ. ನನ್ನದು ತಾಳೆಯಾಯಿತು. ಆ ವರ್ಷ ಎಂಥದು ಎಂದರೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡು ‘ಕುಮಟಾ ಹತ್ತಿ’ ಎಂದು ವ್ಯಾಪಾರದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. ನನ್ನ ಮುತ್ತಜ್ಜನ ಅಪ್ಪ ಅಂಥ ಹತ್ತಿಯ ದಲಾಲಿ. ಕಿರ್ದಿಯ ತುಂಬ ಅಂಡಿಗೆ, ಕೂಲಿ, ಬಡ್ಡಿ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಮುರಗಾಂವ್ ಬಂದರಿಗೆ ರೈಲು ಹಾಕಿದರು, ಹತ್ತಿ ಕುಮಟೆಯನ್ನು ಮರೆಯಿತು. ಹತ್ತಿ ಹೋದ ದಿಕ್ಕಿಗೇ ನಮ್ಮಜ್ಜನೂ ಹೋದರು ಎಂದು ಆಗ ಅರ್ಥವಾಯಿತು.

ಕಿರ್ದಿಯಲ್ಲಿ ವರ್ಷಕ್ಕೊಮ್ಮೆ ಬರುವ ಒಂದು ನಮೂದು ಹತ್ತಿಗೆ ಸಂಬಂಧಪಟ್ಟದ್ದಲ್ಲ: ಕವಳೆಯ ದೇವಿಗೆ ಕಾಣಿಕೆ, ರೂಪಾಯಿ 2, ಆಣೆ 8.

ಕವಳೆ ಇರುವುದು ಗೋವೆಯ ಫೋಂಡಾ ತಾಲೂಕಿನಲ್ಲಿ. ನಮ್ಮ ಮನೆಯಲ್ಲಿ ‘ನಮ್ಮ ಮೂಲ ಕವಳೆ’ ಎಂದೇ ಹೇಳಿಕೊಂಡು ಬಂದದ್ದು. ಅಲ್ಲಿಗೆ ಹೋದಾಗ ಗೊತ್ತಾಯಿತು, ಕವಳೆ ದೇವಿಗೂ ಮೂಲವಲ್ಲ. ಆಕೆ ಇದ್ದದ್ದು ಸಾಷ್ಟಿ ಪ್ರಾಂತದ ಕೇಳೋಶಿಯಲ್ಲಿ. ನಮ್ಮ ಹಾಗೆ ದೇವಿಯೂ ವಲಸೆ ಬಂದವಳೇ.

ಅದರ ಕಥೆ ಹೀಗೆ. ಪೋರ್ಚುಗೀಸರು ತಿಸವಾಡಿಯನ್ನು ಗೆದ್ದದ್ದು 1510ರಲ್ಲಿ, ಸಾಷ್ಟಿ ಮತ್ತು ಬಾರ್ದೇಶ ಅವರ ಕೈಗೆ ಬಂದದ್ದು 1543ರಲ್ಲಿ. ತಂದೆಯಿಲ್ಲದ ಹಿಂದೂ ಮಕ್ಕಳನ್ನು ಚರ್ಚಿನ ವಶಕ್ಕೆ ಒಪ್ಪಿಸಬೇಕೆಂಬ ಕಾನೂನು 1559ರಲ್ಲಿ ಬಂತು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಅದು ಪೂರ್ತಿ ಮುಚ್ಚಿದ್ದು 1812ರಲ್ಲಿ. 1567ರಲ್ಲಿ ಸಾಷ್ಟಿಯ ದೇವಸ್ಥಾನಗಳನ್ನು ಒಂದಾದ ಮೇಲೊಂದರಂತೆ ಕೆಡವಿದರು. ಹೊಲ ಮನೆ ಹೋದರೆ ಮತ್ತೆ ಮಾಡಿಕೊಳ್ಳಬಹುದು, ಆದರೆ ಗಂಡ ಸತ್ತ ಮನೆಯಲ್ಲಿ ಮಗು ಯಾರದು ಎಂಬ ಪ್ರಶ್ನೆ ಬಂದರೆ ಯಾವ ತಾಯಿ ಅಲ್ಲಿ ನಿಲ್ಲುತ್ತಾಳೆ?

ಜನ ದೇವರನ್ನು ಹೊತ್ತು ಹೊಳೆ ದಾಟಿದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ವೆರ್ಣೆಯ ಮ್ಹಾಳಸಾ ಮಾರ್ದೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ. ಈ ಊರುಗಳೆಲ್ಲ ಫೋಂಡಾ ಸೀಮೆಯವು, ಆಗ ಅಲ್ಲಿ ಆಳುತ್ತಿದ್ದದ್ದು ವಿಜಯಪುರದ ಆದಿಲ್‌ಶಾಹಿ. ನಮ್ಮ ಕುಲದೇವತೆಗೆ ನೆರಳು ಕೊಟ್ಟದ್ದು ನಮ್ಮದೇ ವಿಜಯಪುರದ ಸುಲ್ತಾನನ ಗಡಿ. ಕವಳೆಯ ಈಗಿನ ದೇವಾಲಯ 18ನೆಯ ಶತಮಾನದ್ದು, ಛತ್ರಪತಿ ಶಾಹುವಿನ ಮಂತ್ರಿ ನಾರೋರಾಮ ಕಟ್ಟಿಸಿದ್ದು. ಫೋಂಡಾ ಪೋರ್ಚುಗೀಸರಿಗೆ ಸೇರಿದ್ದು 1763ರ ಸುಮಾರಿಗೆ, ಅಷ್ಟರಲ್ಲಿ ಗುಡಿ ಕೆಡವುವ ಕಾಲ ಮುಗಿದಿತ್ತು.

ಮನುಷ್ಯರು ಅಲ್ಲಿಗೇ ನಿಲ್ಲಲಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು, ಕೊಚ್ಚಿ. ಸಾರಸ್ವತರಷ್ಟೇ ಅಲ್ಲ, ಅಕ್ಕಸಾಲೆ ಕೆಲಸದ ದೈವಜ್ಞರು, ಮೀನುಗಾರ ಖಾರ್ವಿಗಳು, ಕಾಡಂಚಿನ ಕುಡುಬಿಯರು. ಉಡುಪಿ ಜಿಲ್ಲೆಯ ಕುಡುಬಿಯರು ಇಂದಿಗೂ ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಹೋಳಿಯಲ್ಲಿ ಗುಮಟೆ ಬಾರಿಸಿ ಕುಣಿಯುತ್ತಾರೆ.

ನಮ್ಮಲ್ಲಿ ಕೆಲವರ ಅಡ್ಡಹೆಸರೇ ನಕಾಶೆ. ಗಿರೀಶ ಕಾರ್ನಾಡರ ಕಾರ್ನಾಡು ಮೂಲ್ಕಿಯ ಪಕ್ಕದ ಊರು. ಪ್ರಕಾಶ ಪಡುಕೋಣೆಯವರ ಪಡುಕೋಣೆ ಕುಂದಾಪುರದ ಕಡೆಯದು. ನಂದನ ನೀಲೇಕಣಿಯವರ ನೀಲೇಕಣಿ ಶಿರಸಿಯ ಬಳಿ ಇದೆ. ಆದರೆ ಈ ನಕಾಶೆ ಕೊನೆಯ ನಿಲ್ದಾಣವನ್ನಷ್ಟೇ ಹೇಳುತ್ತದೆ, ಅದಕ್ಕೂ ಹಿಂದಿನ ಗೋವೆಯ ಊರು ಅಡ್ಡಹೆಸರಿನಲ್ಲಿಲ್ಲ. ಅದನ್ನು ಹೇಳುವವಳು ಕುಲದೇವತೆ. ನಾಯಕ, ಭಂಡಾರಕರ ಎಂಬಂಥ ಹೆಸರುಗಳಲ್ಲಿ ಊರಿನ ಸುಳಿವೂ ಇಲ್ಲ, ಹುದ್ದೆಯಷ್ಟೇ. ನಮ್ಮದೂ ಆ ಜಾತಿಯ ಹೆಸರೇ. ಹಾಗಾಗಿ ಒಂದೇ ಅಡ್ಡಹೆಸರಿನವರನ್ನೆಲ್ಲ ದಾಯಾದಿಗಳೆಂದು ಅಪ್ಪಿಕೊಳ್ಳುವ ಮೊದಲು ಕುಲದೇವತೆ, ಗೋತ್ರ, ಮಠ ಮೂರೂ ಕೂಡುತ್ತವೆಯೇ ನೋಡಬೇಕು.

ಇಂಥ ಓಟ ನಮ್ಮ ಕರಾವಳಿಗೆ ಮಾತ್ರ ಮೀಸಲಲ್ಲ. ಫ್ರಾನ್ಸಿನಲ್ಲಿ ಹ್ಯೂಗೆನಾಟ್ ಎಂಬ ಪ್ರಾಟೆಸ್ಟಂಟರಿದ್ದರು. 1598ರ ನ್ಯಾಂಟ್ಸ್ ಶಾಸನ ಅವರಿಗೆ ಪೂಜೆಯ ಹಕ್ಕು ಕೊಟ್ಟಿತ್ತು, 14ನೆಯ ಲೂಯಿ 1685ರಲ್ಲಿ ಅದನ್ನು ರದ್ದು ಮಾಡಿದ. ಅವರ ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆಯೇ ಆಗಬೇಕು, ದೇಶ ಬಿಟ್ಟು ಹೋಗುವಂತಿಲ್ಲ, ಸಿಕ್ಕಿಬಿದ್ದ ಗಂಡಸರಿಗೆ ಹಡಗಿನ ಹುಟ್ಟು ಹಾಕುವ ಶಿಕ್ಷೆ. ಆದರೂ ಸುಮಾರು ಎರಡು ಲಕ್ಷ ಜನ ಲಂಡನ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ದೂರದ ದಕ್ಷಿಣ ಆಫ್ರಿಕದವರೆಗೆ ಹೋದರು. ಇಂಗ್ಲಿಷಿನ ರೆಫ್ಯೂಜಿ ಎಂಬ ಪದ ಬಳಕೆಗೆ ಬಂದದ್ದೇ ಅವರಿಂದ. 1885ರಲ್ಲಿ ಲಂಡನ್ನಿನಲ್ಲಿ ಅವರ ವಂಶಸ್ಥರು ಒಂದು ಸಂಘ ಕಟ್ಟಿ ಚರ್ಚುಗಳ ಜನನ, ಮದುವೆಯ ದಾಖಲೆಗಳನ್ನು ಅಚ್ಚು ಹಾಕಿಸಿದರು. ಹೀಗಾಗಿ ಅಲ್ಲಿ ಲೆಬ್ಲಾಂಕ್ ಎಂಬುವನು ವೈಟ್ ಆದರೂ ಮೊಮ್ಮಗ ಮೂಲ ಹುಡುಕಬಲ್ಲ. ನಮ್ಮಲ್ಲಿ ಜನನದ ದಾಖಲೆ ಇಡುವ ಗುಡಿಗಳಿರಲಿಲ್ಲ. ಇದ್ದದ್ದು ಗೋವೆಯ ದೇವಸ್ಥಾನಗಳ ಮಹಾಜನರ, ಅಂದರೆ ಆ ಗುಡಿಗಳ ಹಕ್ಕುದಾರ ಮನೆತನಗಳ ಪಟ್ಟಿ. ಒಂದು ಕಾಲಕ್ಕೆ ಗುಡಿ ಕೆಡವಿದ ಪೋರ್ಚುಗೀಸ್ ಸರ್ಕಾರವೇ 1933ರಲ್ಲಿ ನಿಯಮಾವಳಿ ಮಾಡಿ ಆ ವ್ಯವಸ್ಥೆಯನ್ನು ಕಾಗದದ ಮೇಲೆ ಬಿಗಿಗೊಳಿಸಿತು.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಮಂಗಳೂರಿನ ಕ್ಯಾಥೊಲಿಕ್ ಬಾಯಮ್ಮ ಒಬ್ಬರಿದ್ದಾರೆ. ಅವರ ಪೂರ್ವಜರೂ ಸಾಷ್ಟಿ ಕಡೆಯವರೇ. ದೀಕ್ಷೆ ಪಡೆದು ಅಲ್ಲೇ ಉಳಿದವರು, ಆಮೇಲೆ ಯುದ್ಧ, ಬರ, ತೆರಿಗೆ ಎಂದು ಅವರೂ ದಕ್ಷಿಣಕ್ಕೆ ಬಂದರು. ಹಳೆ ಪದ್ಧತಿ ಬಿಡದವರ ಮೇಲೆ ಇನ್‌ಕ್ವಿಸಿಷನ್ನಿನ ಕಣ್ಣು ಬೇರೆ. ಮದುವೆಯಲ್ಲಿ ಹೆಂಗಸರು ಹಾಡುವ ವೊವಿಯೊಗಳನ್ನೂ 1736ರಲ್ಲಿ ನಿಷೇಧಿಸಿದ್ದರು. ‘ಅಜ್ಜಿ ಹೇಳುತ್ತಿದ್ದಳು, ನಾವು ಪ್ರಭುಗಳ ಮನೆಯವರು ಅಂತ. ಸರ್ಟಿಫಿಕೇಟಿನಲ್ಲಿ ಒಂದು, ಹೊಸಿಲ ಒಳಗೆ ಒಂದು ಹೆಸರು’ ಅಂದರು. ಅವರ ಜಾಡು ಕಡಿದುಹೋಗುವುದು 1784ರಲ್ಲಿ. ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳು ನೆಲಸಮವಾದವು. 1799ರ ನಂತರ ಬದುಕಿ ಬಂದವರು ಹೊಸ ಪುಸ್ತಕ ತೆರೆದರು. ಇಬ್ಬರೂ ಒಂದೇ ಹೊಳೆಯ ದಂಡೆಯಿಂದ ಬಂದು, ನಾಲ್ಕು ಶತಮಾನ ಕಳೆದ ಮೇಲೆ ಕಾತ್ರಜದ ಒಂದೇ ಲಿಫ್ಟಿಗೆ ಕಾಯುತ್ತಿದ್ದೇವೆ.

ಹಾಗೆಂದು ಎಲ್ಲರೂ ಓಡಿಬಂದವರೇ ಎಂದುಕೊಳ್ಳಬಾರದು. ಕೆನರಾ ಕರಾವಳಿಯ ಬಂದರುಗಳಲ್ಲಿ ಪೋರ್ಚುಗೀಸರಿಗಿಂತ ಮೊದಲೂ ಕೊಂಕಣಿ ವ್ಯಾಪಾರಿಗಳಿದ್ದರು. ಕೆಳದಿ ನಾಯಕರ ಕಾಲದಲ್ಲಿ ಶಾನುಭೋಗಿಕೆಗೆ, ಲೆಕ್ಕಪತ್ರಕ್ಕೆ ಬಂದವರಿದ್ದರು. ಯುದ್ಧಕ್ಕೆ ಹೆದರಿ ಬಂದವರಿದ್ದರು. ದಾರಿ ಒಮ್ಮುಖವೂ ಅಲ್ಲ: 1763ರ ಸುಮಾರಿಗೆ ಹೈದರ್ ಅಲಿ ಸೋಂದೆಯನ್ನು ಹಿಡಿದಾಗ, ನಮ್ಮ ಉತ್ತರ ಕನ್ನಡದ ಆ ಸೋಂದೆಯ ಅರಸ ಆಸರೆ ಕೇಳಿ ಹೋದದ್ದು ಗೋವೆಯ ಪೋರ್ಚುಗೀಸರ ಬಳಿಗೆ. ವಂಶಾವಳಿ ಬರೆಯಲು ಕೂತವರಿಗೆ ಒಂದು ಚಪಲ ಇರುತ್ತದೆ, ಮೂಲಪುರುಷ ದೇವರ ಮೂರ್ತಿಯನ್ನು ಎದೆಗವಚಿಕೊಂಡು ಕತ್ತಲಲ್ಲಿ ಹೊಳೆ ದಾಟಿದ ಎಂದು ಬರೆಯುವುದು. ನನಗೂ ಇತ್ತು. ಆದರೆ ನನ್ನ ಕಾಗದ 1864ಕ್ಕೆ ನಿಲ್ಲುತ್ತದೆ. ಅದಕ್ಕೂ 1560ಕ್ಕೂ ನಡುವೆ ಮುನ್ನೂರು ವರ್ಷ. ಅದನ್ನು ಕಥೆಯಿಂದ ತುಂಬಲಿಲ್ಲ, ಖಾಲಿ ಬಿಟ್ಟೆ.

ಕಾತ್ರಜದ ಕೆರೆಯನ್ನು 18ನೆಯ ಶತಮಾನದ ನಡುವೆ ಕಟ್ಟಿಸಿದ್ದು ನಾನಾಸಾಹೇಬ ಪೇಶ್ವೆ. ಇಲ್ಲಿಂದ ಶನಿವಾರವಾಡೆಯವರೆಗೆ ನೆಲದಡಿಯಲ್ಲಿ ಕಲ್ಲಿನ ಕಾಲುವೆ. ನಡುನಡುವೆ ಗಾಳಿಯಾಡಲು ಬಾವಿಯಂಥ ಕಂಡಿ, ಅದಕ್ಕೆ ಇಲ್ಲಿ ಉಚ್ಛ್ವಾಸ ಅನ್ನುತ್ತಾರೆ. ಪೇಟೆ ಬೆಳೆದು ಕಾಲುವೆ ಕಣ್ಣಿಗೆ ಬೀಳದಾಗಿದೆ, ಕಂಡಿಗಳನ್ನು ಹುಡುಕಿಕೊಂಡು ನಡೆದರೆ ನೀರು ಹೋದ ದಿಕ್ಕು ತಿಳಿಯುತ್ತದೆ. ಮನೆತನದ್ದೂ ಹೀಗೇ. ನನಗೆ ಸಿಕ್ಕ ಕಂಡಿಗಳು ಎರಡು, ದೇವಿ ಮತ್ತು ಕಿರ್ದಿ. ಮೂರನೆಯದನ್ನು ತೋರಿಸಿದ್ದು ತರಕಾರಿಯವಳು.

ಕಾತ್ರಜ ಚೌಕದ ಬಳಿ ಮೆಂತ್ಯ, ಹತ್ತರಕಿ ಪಲ್ಯ ಮಾರುವ ಆಕೆ ಇಂಡಿ ತಾಲೂಕಿನವಳು. ನಾನು ಕನ್ನಡದಲ್ಲಿ ಮಾತಾಡಿದರೆ ಒಂದು ಹಿಡಿ ಕೊತ್ತಂಬರಿ ಹೆಚ್ಚು. ಒಮ್ಮೆ ನನ್ನ ಕಿರ್ದಿಯ ಕಥೆ ಹೇಳಿದೆ. ಆಕೆ ನಕ್ಕಳು.

‘ಅದಕ್ಯಾಕ್ರಿ ಅಷ್ಟ್ ಒದ್ದಾಟ, ಅಕ್ಕಾರ? ನಮ್ಮ ಹೆಳವ ಬರ್ತಾನ, ಸುಗ್ಗಿ ಮುಗದ ಮ್ಯಾಲ. ಮುತ್ಯಾನ ಮುತ್ಯಾ ಯಾ ಊರಿಂದ ಬಂದ, ಅಣ್ಣತಮ್ಮರು ಎಷ್ಟ್ ಮಂದಿ, ಎಲ್ಲಾ ಒದರತಾನ. ಕಾಳು ಕಡಿ ಕೊಡತೀವಿ.’

ಉತ್ತರ ಕರ್ನಾಟಕದ ಹೆಳವರ ಕಸುಬೇ ಅದು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು ಒಕ್ಕಲು ಮನೆತನಗಳ ವಂಶ ಹೇಳುತ್ತಿದ್ದವರು. ತಲೆತಲಾಂತರದಿಂದ ಇಂಥಿಂಥ ಮನೆ ಇಂಥ ಹೆಳವನದು ಎಂದು ಕಟ್ಟಳೆ. ಈಗ ಹಲವರ ಬಳಿ ಪುಸ್ತಕಗಳಿವೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಕಾಗದ ಪತ್ರವೆಂದರೆ ಆಧಾರ್ ಕಾರ್ಡು ಮಾತ್ರ ಕಂಡ ಆ ಹೆಂಗಸಿನ ಹತ್ತಿರ ಏಳು ತಲೆಮಾರು ಇತ್ತು. ಮೋಡಿ ಕಲಿತ ನನ್ನ ಹತ್ತಿರ ಐದು.

‘ಹೆಣ್ಣುಮಕ್ಕಳ ಹೆಸರೂ ಹೇಳ್ತಾನಾ?’ ಎಂದು ಕೇಳಿದೆ.

‘ಬಂದ ಸೊಸ್ತೇರದು ಒಂದೊಂದ್ ಹೇಳ್ತಾನ. ಕೊಟ್ಟ ಹೆಣ್ಣಮಕ್ಕಳದು ಯಾಕ್ ಹೇಳ್ಯಾನ್ರಿ? ಅವ್ರು ಮಂದಿ ಮನಿಯವ್ರಾದ್ರಲ್ಲ.’

ಮನೆಗೆ ಬಂದು ಕಿರ್ದಿ ಬಿಚ್ಚಿದೆ. ಮುನ್ನೂರ ಚಿಲ್ಲರೆ ಪುಟದಲ್ಲಿ ಗಂಡಸರ ಹೆಸರು ನೂರಾರು, ಹೆಂಗಸಿನ ಹೆಸರು ಒಂದೂ ಇಲ್ಲ. ‘ಮನೆಯವಳ ಬಾಣಂತನಕ್ಕೆ ತುಪ್ಪ’ ಎಂದು ಒಂದು ಕಡೆ ಇದೆ, ಅಷ್ಟೇ. ಮೇಲಾಗಿ ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಅಡ್ಡಹೆಸರಿನ ಜತೆ ಹುಟ್ಟುಹೆಸರನ್ನೂ ಬದಲಿಸುವ ರೂಢಿಯಿತ್ತು. ಅಕ್ಕಿಯ ಮೇಲೆ ಹೊಸ ಹೆಸರು ಬರೆದರೆ ಹಳೆಯವಳು ಮುಗಿದಳು. ಅವಳನ್ನು ಯಾವ ದಾಖಲೆಯಲ್ಲಿ ಹುಡುಕುವುದು?

ಆಗ ನೆನಪಾದದ್ದು ಅಮ್ಮನ ಚೂಡಿ ವಹಿ. ನಲವತ್ತು ಪುಟದ ಶಾಲೆಯ ನೋಟುಬುಕ್ಕು, ಅರಿಶಿನದ ಕಲೆ. ಶ್ರಾವಣದಲ್ಲಿ ಚೂಡಿ ಕಳಿಸಬೇಕಾದವರ ವಿಳಾಸ. ಅಮ್ಮ ಮದುವೆಯಾಗಿ ಬಂದಾಗ ಅತ್ತೆಯ ಪಟ್ಟಿಯಿಂದ ನಕಲು ಮಾಡಿಕೊಂಡದ್ದು, ಅತ್ತೆ ತನ್ನ ಅತ್ತೆ ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಂಡದ್ದು. ಅಂಕೋಲಾ, ಹೊನ್ನಾವರ, ಗಂಗೊಳ್ಳಿ, ಕೊಚ್ಚಿ, ಮುಂಬಯಿಯ ಗಿರಗಾಂವ್. ಪ್ರತಿ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಸಂಬಂಧ: ಅಜ್ಜಿಯ ಅಕ್ಕನ ಮಗಳು, ದೊಡ್ಡತ್ತೆಯ ನಾದಿನಿ. ತೀರಿಕೊಂಡವರ ಹೆಸರಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ತಿಥಿ. ಕೆಲವರಿಗೆ ಎರಡೆರಡು ಹೆಸರು, ತವರಿನದು ಕಂಸದಲ್ಲಿ. ನಾನು ಎಂಟು ವರ್ಷ ಹುಡುಕಿದ್ದು ಅಡುಗೆಮನೆಯ ಗೂಡಿನಲ್ಲಿತ್ತು.

ಕೊನೆಯ ಪುಟದ ವಿಳಾಸ ಮಡಗಾಂವಿನದು. ಪಕ್ಕದಲ್ಲಿ, ‘ಮುತ್ತಜ್ಜಿಯ ತವರು’. ಮುತ್ತಜ್ಜಿ ಗೋವೆಯಿಂದ ಕುಮಟೆಗೆ ಸೊಸೆಯಾಗಿ ಬಂದವಳು! ಅಂದರೆ ಗೋವೆ ನಮಗೆ ಹದಿನಾರನೆಯ ಶತಮಾನದಲ್ಲಿ ಕಳೆದುಹೋದ ನಾಡಾಗಿರಲಿಲ್ಲ. ಗಂಡಸರ ವಂಶಾವಳಿ ‘ಬಿಟ್ಟು ಬಂದೆವು’ ಎಂದು ನೆನಪಿಟ್ಟುಕೊಂಡಿತ್ತು. ಹೆಂಗಸರು ಅತ್ತಿಂದಿತ್ತ ಮದುವೆಯಾಗುತ್ತ, ಬಾಣಂತನಕ್ಕೆ ಹೋಗುತ್ತ, ವರ್ಷಕ್ಕೊಮ್ಮೆ ಹೂವು ಕಳಿಸುತ್ತ ಹೋಗಿ ಬಂದುಕೊಂಡೇ ಇದ್ದರು. ಕಿರ್ದಿಯನ್ನಷ್ಟೇ ಓದಿದ್ದರೆ ನಮ್ಮ ಕಥೆ ಓಟದ ಕಥೆ ಆಗುತ್ತಿತ್ತು. ಚೂಡಿ ವಹಿ ಅದನ್ನು ಓಡಾಟದ ಕಥೆ ಮಾಡಿತು.

ನಿಮ್ಮ ಮನೆತನದ ಜಾಡು ಹಿಡಿಯುವ ಮನಸ್ಸಿದ್ದರೆ ಡಿಎನ್‌ಎ ಪರೀಕ್ಷೆಗೆ ಎಂಜಲು ಕಳಿಸುವ ಮೊದಲು ಮನೆಯೊಳಗೆ ಹುಡುಕಿ. ಆ ಪರೀಕ್ಷೆ ಸಾವಿರಾರು ವರ್ಷದ ಹಿಂದಿನ ಜನಸಮೂಹದ ಬಗ್ಗೆ ಏನಾದರೂ ಹೇಳೀತು, ನಿಮ್ಮ ಅಜ್ಜಿಯ ಊರಿನ ಹೆಸರು ಹೇಳಲಾರದು. ಮೊದಲು ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ‘ನಮ್ಮ ಮೂಲ ಯಾವುದು’ ಎಂದು ಕೇಳಿದರೆ ಪಾಠ ಒಪ್ಪಿಸುತ್ತಾರೆ, ‘ಹಬ್ಬಕ್ಕೆ ಯಾರ ಮನೆಗೆ ಹೋಗುತ್ತಿದ್ದಿರಿ’ ಎಂದು ಕೇಳಿ. ಆಮೇಲೆ ಶಾಲೆ ಬಿಟ್ಟ ದಾಖಲೆ, ಹಳೆ ಪಹಣಿ, ಖರೀದಿ ಪತ್ರ, ಲಗ್ನಪತ್ರಿಕೆ. ಗೋಕರ್ಣ, ತ್ರ್ಯಂಬಕೇಶ್ವರ, ಕಾಶಿ, ಗಯೆಯಂಥ ಕ್ಷೇತ್ರದ ಪುರೋಹಿತರ ಬಳಿ ಯಾತ್ರಿಕರ ಹೆಸರಿನ ವಹಿಗಳಿರುತ್ತವೆ. ಯಾವ ಮನೆತನಕ್ಕೆ ಯಾವ ಭಟ್ಟರು ಎಂದು ಕೇಳಿಕೊಂಡು ಹೋಗಿ. ಜಿಲ್ಲೆ ಯಾವಾಗ ಯಾರ ಕೈಯಲ್ಲಿತ್ತು ಎಂಬುದೂ ಮುಖ್ಯ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ, ಅಲ್ಲಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಹಾಗಾಗಿ ನಮ್ಮ ಜಿಲ್ಲೆಯ ಹಳೆ ಕಾಗದ ಹುಡುಕುವವರು ಬೆಂಗಳೂರಿನ ಜತೆ ಮುಂಬಯಿ, ಚೆನ್ನೈಗಳ ದಾಖಲೆ ಕಚೇರಿಗಳನ್ನೂ ನೆನೆಯಬೇಕು.

ಒಂಬತ್ತನೆಯ ಲಕೋಟೆ ಮಡಗಾಂವಿಗೆ ಹೋಯಿತು. ಆ ಮನೆಯ ಈಗಿನ ಸೊಸೆ ಚೂಡಿ ಬಂದದ್ದನ್ನು ಫೋಟೋ ತೆಗೆದು ಕಳಿಸಿದಳು, ಕೆಳಗೆ ‘ಯಾರು ನೀವು?’ ಎಂದು ಬರೆದಿದ್ದಳು. ಫೋನು ಮಾಡಿ ಒಂದು ಗಂಟೆ ಮಾತಾಡಿದೆ. ನನ್ನ ಮುತ್ತಜ್ಜಿಯ ಹುಟ್ಟುಹೆಸರು ಆ ಮನೆಯ ಹಿರಿಯರೊಬ್ಬರಿಗೆ ನೆನಪಿತ್ತು.

ನಿಮ್ಮ ವಂಶವೃಕ್ಷದಲ್ಲಿ ಅಜ್ಜಂದಿರ ಸಾಲು ಈಗಾಗಲೇ ಇರಬಹುದು. ಅಜ್ಜಿಯ ತವರೂರು, ಅವಳ ಹುಟ್ಟುಹೆಸರು, ಅವಳ ಅಮ್ಮನ ಹೆಸರು, ಇಷ್ಟನ್ನು ಈ ವಾರ ಕೇಳಿ ಬರೆದಿಡಿ. ಹೇಳಬಲ್ಲವರು ಬಹಳ ಮಂದಿ ಉಳಿದಿಲ್ಲ.